ತಂತಿ ಎಳೆಯದ ಚಿತ್ರ

ಕರಿಹಲಗೆಯ ಮೇಲೆ ಗೋಡೆ ಬರೆಯುವುದು ಸಿದ್ದೇಶ್ವರಿಗೆ ಕಷ್ಟವಲ್ಲ. ಗೋಡೆಗೆ ಕೀಲು ಹಾಕಿ ಚಾಚಿದ ಕಬ್ಬಿಣದ ಪೈಪು, ತುದಿಯಲ್ಲಿ ತೂಗುವ ಅಂಗಡಿ ಬೋರ್ಡು, ಇವೂ ಸಲೀಸು. ಆಮೇಲೆ ಚಾಕ್‌ಪೀಸು ತಾನಾಗೇ ಬೋರ್ಡಿನ ಕೆಳಗೆ ಒಬ್ಬ ಮನುಷ್ಯನನ್ನು ಬರೆದುಬಿಡುತ್ತದೆ. ಆಕೆ ಗಡಬಡಿಸಿ ಒರೆಸುತ್ತಾಳೆ.

"ಮೇಡಂ, ತಂತಿ ಬಿಟ್ರಿ," ಅಂತಾರೆ ಭಾಲ್ಕಿ ಕಾಲೇಜಿನ ಫಿಜಿಕ್ಸ್ ಕ್ಲಾಸಿನ ಹುಡುಗರು.

"ನೀವೇ ಎಳ್ಕೋರಿ."

ಲೆಕ್ಕ ಮಾತ್ರ ಬಾಯಲ್ಲೇ ಹೇಳುತ್ತಾಳೆ. ಬೋರ್ಡು ಪೈಪನ್ನು ಕೆಳಕ್ಕೆ ತಿರುಗಿಸುತ್ತದೆ, ಪೈಪಿನ ತುದಿಯನ್ನು ಗೋಡೆಯ ಹುಕ್ಕಿಗೆ ಬಿಗಿದ ತಂತಿ ಮೇಲಕ್ಕೆ. ತಿರುಗಿಸುವ ಈ ಎರಡೂ ಬಲ, ಅಂದರೆ ಟಾರ್ಕ್, ಸಮವಾದರೆ ಮಾತ್ರ ಪೈಪು ನಿಲ್ಲುತ್ತದೆ. ತಂತಿ ಮೂವತ್ತು ಡಿಗ್ರಿ ಓರೆಯಿದ್ದರೆ ಬೋರ್ಡಿನ ಭಾರದ ಎರಡರಷ್ಟು ಜಗ್ಗಬೇಕು. ಹತ್ತಕ್ಕಿಳಿಸಿದರೆ ಸುಮಾರು ಆರರಷ್ಟು.

ಆ ಮನುಷ್ಯ ಆಕೆಯ ಗಂಡ ಶಿವಕಾಂತ. ಬೀದರದ ಗಾಂಧಿ ಗಂಜದಲ್ಲಿ, ಔರಾದ ಬಸ್ಸು ಹಿಡಿಯುವ ಮುನ್ನ, ಶಿವರಾಜಪ್ಪನವರ ಧಾನ್ಯದ ಅಡತಿ ಅಂಗಡಿಯ ಬೋರ್ಡಿನ ನೆರಳಿಗೆ ನಿಂತಿದ್ದ. ಆಕೆ ಎದುರುಗಡೆ ಬಾಳೆಹಣ್ಣು ಕೊಳ್ಳುತ್ತಿದ್ದಳು. ತಂತಿ ಹರಿದು ಬೋರ್ಡು ಅವನ ಮೇಲೆ ಬಿತ್ತು; ಅವನು ಉಳಿಯಲಿಲ್ಲ.

ಗಾಳಿ ಜೋರಿತ್ತು ಎಂದರು ಜನ. ಎಂಥ ಗಾಳಿ! ಆ ಗೋಡೆಯಲ್ಲಿ ಟೈಲ್ಸಿನ ಬಸವಣ್ಣನಿದ್ದಾನೆ. ಅಣ್ಣನ ತಲೆಯ ಮೇಲೆ ಹುಕ್ಕು ಹೊಡೆಯಬಾರದೆಂದು ಚಿತ್ರದ ಕೆಳಗೇ ಹೊಡೆದಿದ್ದರು. ತಂತಿ ಪೈಪಿನ ಮೇಲೆ ಮಲಗಿದಂತಿತ್ತು. ಭಕ್ತಿಯ ಭಾರ ತಂತಿಗೆ ಹೊರಿಸಿದರು, ತಂತಿಯ ಪಾಪ ಗಾಳಿಗೆ. ಕೈ ತೊಳೆದುಕೊಂಡರು.

ಈ ವರ್ಷ ಅಲ್ಲಿ ಹೊಸ ಬೋರ್ಡು ಬಂತು. ಹುಕ್ಕು ಅದೇ ಜಾಗ. ಸುದ್ದಿ ಕೇಳಿ ಸಿದ್ದೇಶ್ವರಿ ಗಂಜಕ್ಕೆ ಬಂದು ಶಿವರಾಜಪ್ಪನವರನ್ನು ಕಂಡಳು.

"ಸಾವಕಾರ್ರ, ಹುಕ್ಕು ಮ್ಯಾಲ ಹೊಡಸ್ರಿ."

"ಅಣ್ಣನ ತಲಿ ಮ್ಯಾಲ? ಬಾಯಾರ, ಇಭೂತಿ ಹಚ್ಚೋ ನೀವೇ ಹಿಂಗಂದ್ರ ಹ್ಯಾಂಗ್ರಿ? ಈ ಸಲ ದಪ್ಪ ತಂತಿ ಹಾಕಸೇನಿ. ಆನಿ ಜೋತಾಡಿದ್ರೂ ಹರಿಯಂಗಿಲ್ಲ."

ಆಕೆ ಹೋಗಿ ಬೋರ್ಡಿನ ಕೆಳಗೆ, ಗಂಡ ನಿಂತಿದ್ದ ಹಾಸುಗಲ್ಲಿನ ಮೇಲೇ ನಿಂತಳು. ನೆತ್ತಿಯ ಮೇಲೆ ತಂತಿ ಗುಂಯ್ ಅಂದಿತು. ಆ ದಿನವೂ ಹೀಗೇ ಅಂದಿತ್ತು. ತೊಗರಿ ಚೀಲದ ಕೈಗಾಡಿಗಳು ನಿಂತವು.

"ಸರೀರಿ ಅಲ್ಲಿಂದ!"

"ಯಾಕ್ರಿ? ಗಟ್ಟಿ ಅದ ಅಂದ್ರಲ್ಲ."

"ಕೈ ಮುಗೀತೇನಿ, ಸರೀರಿ."

"ಬರ್ರಿ, ನೀವೂ ನಿಂದರ್ರಿ."

ಶಿವರಾಜಪ್ಪ ಮೆಟ್ಟಿಲು ಇಳಿಯಲಿಲ್ಲ. ಹಮಾಲರು ಅವರನ್ನೇ ನೋಡುತ್ತಿದ್ದರು. ಕಡೆಗೆ ವೆಲ್ಡಿಂಗಿನ ಯುನುಸನನ್ನು ಕರೆಸಿದರು.

"ಪೈಪಿಗೆ ಕೆಳಗಿಂದ ಓರೆ ಆಸರಾ ಕೊಡ್ರಿ," ಅಂದಳು ಸಿದ್ದೇಶ್ವರಿ. "ಅಣ್ಣನ ಚಿತ್ರಾ ಮುಟ್ಟೂದೇ ಬ್ಯಾಡ."

"ಇಷ್ಟ ಸರಳ ಇತ್ತೇನ್ರಿ?" ಅಂದರು ಶಿವರಾಜಪ್ಪ.

"ಆಗೂ ಇಷ್ಟ ಸರಳ ಇತ್ರಿ."

ಬೋರ್ಡು ನೆಲಕ್ಕಿಳಿಯುವ ತನಕ ಆಕೆ ಕಲ್ಲು ಬಿಡಲಿಲ್ಲ.

ಮರುದಿನ ಕ್ಲಾಸಿನಲ್ಲಿ ತಂತಿ ಎಳೆದಳು, ಗೋಡೆಯ ಮೇಲ್ತುದಿಯಿಂದ. ಕೆಳಗಿದ್ದವನನ್ನು ಒರೆಸಲಿಲ್ಲ.

"ಮೇಡಂ, ಈ ಮನಷ್ಯಾ ಲೆಕ್ಕದಾಗ ಬರ್ತಾನೇನ್ರಿ?"

"ಬರಬೇಕಾಗಿತ್ತು," ಅಂದಳು.