ಪಲ್ಟನ್ನಿನ ಲಾಂಛನಕ್ಕೆ ನಾಟಕದ ಕಿರೀಟ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆಯುವ ಕೆಲಸಕ್ಕಿದ್ದೆ. ಹಿತ್ತಾಳೆ ಬಿಲ್ಲೆ, ಬ್ಯಾಡ್ಜು, ಶೀಲ್ಡು ಮಾಡುತ್ತಿದ್ದೆವು. ಒಮ್ಮೆ ವೈಟ್‌ಫೀಲ್ಡಿನಿಂದ ನಿವೃತ್ತ ಮೇಜರ್ ಒಬ್ಬರು ಬಂದರು. ಹಳೆಯ ಸಂಗಾತಿಗಳು ಸೇರುವ ಊಟಕ್ಕೆ ಅವರಿಗೆ ತಮ್ಮ ಪಲ್ಟನ್ನಿನ ಬ್ರಿಟಿಷರ ಕಾಲದ ಲಾಂಛನವಿರುವ ಶೀಲ್ಡು ಬೇಕಿತ್ತು: ಅಡ್ಡಡ್ಡ ಎರಡು ಕತ್ತಿ, ಮೇಲೊಂದು ಕಿರೀಟ. ಗಣರಾಜ್ಯವಾದ ಮೇಲೆ ಕಿರೀಟ ತೆಗೆದು ಸಿಂಹಗಳನ್ನು ಕೂರಿಸಿದ್ದರಂತೆ. ಮಾದರಿಗೆಂದು ಅವರು ತಂದಿದ್ದ ಹಳೆಯ ಟೋಪಿ ಬಿಲ್ಲೆಯನ್ನು ಅವರ ಹೆಂಡತಿ ವರ್ಷಗಟ್ಟಲೆ ಹುಣಸೆಹಣ್ಣು ಹಾಕಿ ಉಜ್ಜಿದ್ದರು. ಕಿರೀಟ ಸವೆದು ಇಡ್ಲಿಯಂತಾಗಿತ್ತು.

ನಮ್ಮಲ್ಲಿ ಅಚ್ಚು ಕೆತ್ತುವ ಮೇಸ್ತ್ರಿ ಮಾದನಾಯಕನಹಳ್ಳಿಯವರು. ಊರ ನಾಟಕದಲ್ಲಿ ರಾಜನ ಪಾತ್ರ ಯಾವಾಗಲೂ ಅವರದೇ. "ಕಿರೀಟ ಅಂದ್ರೆ ಇಂಗಿರಾಕಿಲ್ಲ ಸಾರ್. ನಾಳೆ ತತ್ತೀನಿ, ನೋಡೀರಂತೆ" ಎಂದರು.

ಮರುದಿನ ಮೇಜರ್ ಮತ್ತೆ ಬಂದಾಗ, ಕನ್ನಡಿ ಚೂರು ಅಂಟಿಸಿದ, ಎರಡೂ ಪಕ್ಕ ರೆಕ್ಕೆಯಿದ್ದ ನಾಟಕದ ತಗಡಿನ ಕಿರೀಟವೂ ಬಂತು.

"ಇದಲ್ಲ ಕಣ್ರೀ, ನಮ್ದು ರೌಂಡಾಗಿತ್ತು" ಎಂದರು ಮೇಜರ್.

"ತಲೆ ಮ್ಯಾಲೆ ಕೂತ್ರೆ ಇದೂ ರೌಂಡೇ" ಎಂದು ಮೇಸ್ತ್ರಿ ಅದನ್ನು ಅವರ ತಲೆಗೇ ಒತ್ತಿ ಕೂರಿಸಿಬಿಟ್ಟರು.

ಕಿರೀಟ ಕಿವಿಗೆ ಸಿಕ್ಕಿಕೊಂಡಿತು. ಎಳೆದರೆ ಮೇಜರ್ ಕಿರುಚಿದರು. ಮೆಷಿನ್ ಆಯಿಲ್ ಬಿಟ್ಟೆವು. ಕಿರೀಟ ಇನ್ನಷ್ಟು ಜಾರಿ ಹುಬ್ಬಿನ ಮೇಲೆ ಕೂತಿತು.

ತಗಡು ಕತ್ತರಿಸುವವನ ಶೆಡ್ಡು ರಸ್ತೆಯಾಚೆ ಇತ್ತು. ಅಲ್ಲಿಗೆ ಹೊರಟೆವು. ಅದೇ ಹೊತ್ತಿಗೆ ಶಿಫ್ಟು ಬಿಟ್ಟು ರಸ್ತೆ ತುಂಬ ಸೈಕಲ್ಲುಗಳು. ಒಬ್ಬ ಇಳಿದು ಕೇಳಿದ, "ಯಾವ ನಾಟ್ಕ ಸಾರ್?"

ಮೇಜರ್ ಎದೆ ಸೆಟೆಸಿ, "ಇನ್ನೂ ರಿಹರ್ಸಲ್ಲು" ಎಂದರು.

"ಮೀಸೆ ಸಕ್ಕತ್ತಾಗಿದೆ. ಒರಿಜಿನಲ್ಲಾ?"

"ಒರಿಜಿನಲ್ಲೇ ಕಣಪ್ಪಾ."

ತಗಡಿನವನು ಕತ್ತರಿ ಹಿಡಿದಾಗ ಮೇಸ್ತ್ರಿಗೆ ಅಳುವೇ ಬಂತು. "ನಿಧಾನ ಕಣಪ್ಪೋ, ಆಮ್ಯಾಲೆ ಬೆಸುಗೆ ಆಕ್ಬೇಕು!"

"ಒಳಗಡೆ ನನ್ ತಲೆ ಇದೆ ಕಣ್ರೀ!" ಎಂದರು ಮೇಜರ್.

ಕತ್ತರಿಸುವ ಮೊದಲು, ಗೋಡೆಯ ಕನ್ನಡಿಯಲ್ಲಿ ಅವರು ತಮ್ಮನ್ನು ನೋಡಿಕೊಂಡರು. ನಗು ಶುರುವಾದದ್ದು ನಿಲ್ಲಲೇ ಇಲ್ಲ. ಕತ್ತರಿ ಹಿಡಿದವನು ಕಾಯಬೇಕಾಯಿತು. "ಇದನ್ನೇ ಕೆತ್ತಿ. ಆ ಇಡ್ಲಿ ಬೇಡ" ಎಂದರು. ಕತ್ತರಿಸಿ ತೆಗೆದ ಮೇಲೆ ನಾನು ಕತ್ತಿಗಳ ಮೇಲೆ ರೆಕ್ಕೆ ಸಮೇತ ಅದೇ ಕಿರೀಟ ಬರೆದೆ, ಮೇಸ್ತ್ರಿ ಕೆತ್ತಿದರು.

ಸಂಗಾತಿಗಳ ಊಟ ಮುಗಿದ ಮೇಲೆ ಮೇಜರ್ ಮತ್ತೆ ಬಂದು ವರದಿ ಒಪ್ಪಿಸಿದರು. ಬ್ರಿಗೇಡಿಯರ್ ಒಬ್ಬರು ಕನ್ನಡಕ ಹಾಕಿಕೊಂಡು, ಇದು ಯಾವ ಮಹಾರಾಜರದು ಎಂದು ಕೇಳಿದರಂತೆ. ಇವರು "ನಂದೇ" ಎಂದರಂತೆ.

"ಎದ್ದು ಸಲ್ಯೂಟ್ ಒಡುದ್ರಾ?" ಮೇಸ್ತ್ರಿ ಗಂಭೀರವಾಗಿ ಕೇಳಿದರು.

"ಅವರ ಕೈಯಲ್ಲಿ ಕೋಳಿ ಕಾಲಿತ್ತು."

"ಅಂಗಾದ್ರೆ ಸರಿ ಬುಡಿ" ಎಂದರು ಮೇಸ್ತ್ರಿ.