ಕೋಣಗರುಗಳ ಕಾಕಾ

ಕಾಕಾರ ಬಲಗೈ ಹೆಬ್ಬೆರಳಿನ ಉಗುರು ಗೊರಸಿನಂತೆ ದಪ್ಪಗೆ, ಹಳದಿಯಾಗಿತ್ತು. ಹೊಸದಾಗಿ ಹುಟ್ಟಿದ ಕರುವಿಗೆ ಗಿಣ್ಣುಹಾಲು ಕುಡಿಸಿದ್ದೇವೆ ಎಂದು ಹಾಲು ಕರೆಯುವವರು ಹೇಳಿದರೆ ನಂಬುತ್ತಿರಲಿಲ್ಲ. ತಾವೇ ಅದರ ಹೊಟ್ಟೆ ಒತ್ತಿ ನೋಡುತ್ತಿದ್ದರು.

ಕಲ್ಯಾಣದ ಹೊರಗಿನ ಆ ತಬೇಲಾದಲ್ಲಿ, ಅಂದರೆ ಎಮ್ಮೆಗಳ ದೊಡ್ಡ ಕೊಟ್ಟಿಗೆಯಲ್ಲಿ, ಹಾಲೆಲ್ಲ ಊರಿಗೆ ಹೋಗುತ್ತಿತ್ತು. ಕೋಣಗರುಗಳನ್ನು ಮಾಂಸಕ್ಕೆಂದು ಸಾಕುವವರಿಗೆ ಮಾರುತ್ತಿದ್ದರು. ಹೇಗೂ ಹೋಗುವ ಕರುಗಳು ಎಂದು ಯಾರೂ ಅವುಗಳತ್ತ ನೋಡುತ್ತಿರಲಿಲ್ಲ, ವಿಜಯಪುರದ ಕಡೆಯಿಂದ ಬಂದು ಅಲ್ಲಿ ಕೆಲಸಕ್ಕಿದ್ದ ಈ ಕಾಕಾ ಒಬ್ಬರನ್ನು ಬಿಟ್ಟು. ನಾನು ಡೊಂಬಿವಲಿಯಿಂದ ಬ್ಯಾಗು ಹೊತ್ತು ಬಂದು ದನಗಳ ಔಷಧಿ ಮಾರುತ್ತಿದ್ದೆ.

ಮೊದಲ ಸಲ ವಿಟಮಿನ್ ಹನಿಗಳ ಬಾಟಲಿ ಕೊಟ್ಟಾಗ ಮೂಸಿ, ನನ್ನತ್ತಲೇ ಚಾಚಿದರು. "ಮೊದ್ಲ ನೀ ನೆಕ್ಕಿ ತೋರ್ಸವಾ."

ನೆಕ್ಕಿದೆ. ಆದರೂ ಹೋಲಿಸಿ ನೋಡಲೆಂದು ಒಂದೇ ವಯಸ್ಸಿನ ಎರಡು ಕರುಗಳಲ್ಲಿ ಒಂದಕ್ಕಷ್ಟೇ ಹಾಕಿದರು. ಪ್ರತಿ ಸೋಮವಾರ ಎರಡರ ಎದೆಗೂ ಒಂದೊಂದು ಹಗ್ಗ ಸುತ್ತಿ, ಸುತ್ತಳತೆ ಬೆಳೆದಲ್ಲಿಗೆ ಗುರುತಿನ ಗಂಟು ಹಾಕುತ್ತಿದ್ದರು. ಮೂರು ಬಾಟಲಿ ಮುಗಿದರೂ ಗಂಟುಗಳಲ್ಲಿ ವ್ಯತ್ಯಾಸವಿರಲಿಲ್ಲ. ಸಾಲದ್ದಕ್ಕೆ ಔಷಧಿ ಕುಡಿದ ಕರುವೂ ಇನ್ನೊಂದರಂತೆ ಸಂಜೆಯ ಮಬ್ಬಿನಲ್ಲಿ ಕಣ್ಣು ಕಾಣದೆ ಗೋಡೆಗೆ ಮುಖ ತಾಗಿಸಿಕೊಳ್ಳತೊಡಗಿತು. ಅದನ್ನು ತಡೆಯಬೇಕಾದದ್ದೇ ಆ ಹನಿ.

ನನಗೆ ಕಾಕಾರ ಮೇಲೇ ಅನುಮಾನ ಬಂತು. ಬಾಟಲಿಗಳನ್ನು ಬೇರೆಡೆ ಮಾರಿಕೊಂಡಿರಾ ಎಂದು ಕೇಳಿಯೇಬಿಟ್ಟೆ. ಅವರು ಸಿಟ್ಟಾಗಲಿಲ್ಲ. ನನ್ನ ಬ್ಯಾಗಿನಿಂದ ಹೊಸ ಬಾಟಲಿ ತೆಗೆದು ಆ ಉಗುರಿನಿಂದ ಚೀಟಿಯ ಅಂಚು ಕೆರೆದರು. ಕೆಳಗೆ ಇನ್ನೊಂದು ಚೀಟಿಯಿತ್ತು. ಅದರ ಪ್ರಕಾರ ಔಷಧಿಯ ಅವಧಿ ಎರಡು ವರ್ಷದ ಹಿಂದೆಯೇ ಮುಗಿದಿತ್ತು.

"ನಿನಗ ಗೊತ್ತಿತ್ತೇನು?"

ಇಲ್ಲ ಎಂದೆ. ನಂಬಿದರೋ ಇಲ್ಲವೋ, ತಿಳಿಯಲಿಲ್ಲ.

ಕಲ್ಯಾಣದ ಅಂಗಡಿಯಿಂದ ಒಳ್ಳೆಯ ಹನಿ ನಾನೇ ಕೊಂಡು ತಂದೆ. ಕೆಲವು ವಾರಗಳಲ್ಲಿ ಕರುಗಳು ಚೇತರಿಸಿಕೊಂಡವು. ನಾನು ಕೆಲಸಕ್ಕಿದ್ದ ಉಲ್ಹಾಸನಗರದ ಔಷಧಿ ಗೋದಾಮಿನಲ್ಲಿ ಮಾಲೀಕನ ಮುಂದೆ ಹಳೆಯ ಬಾಟಲಿ ಇಟ್ಟಾಗ, ಕಡಿಯುವ ದನಕ್ಕೆ ತಾರೀಖು ಯಾಕೆ ಎಂದು ಹಿಂದಿಯಲ್ಲಿ ಹೇಳಿ ನಕ್ಕ. ಅಂದೇ ಕೆಲಸ ಬಿಟ್ಟೆ. ಠಾಣೆ ನಗರದ ಬೇರೆ ಔಷಧಿ ಅಂಗಡಿ ಸೇರಿ ಮತ್ತೆ ಬಂದಾಗಲೂ ಕಾಕಾ ಒಂದು ವರ್ಷ ಪ್ರತಿ ಬಾಟಲಿಯನ್ನೂ ಕೆರೆದು ನೋಡಿಯೇ ತೆಗೆದುಕೊಂಡರು.

ಕಳೆದ ಚಳಿಗಾಲದಲ್ಲಿ ಅವರು ಕೆಮ್ಮು ಹಿಡಿದು ಹಾಸಿಗೆಯಲ್ಲಿದ್ದರು. ನಾನು ಹೋದ ದಿನವೇ ಹುಟ್ಟಿದ ಕರುವೊಂದು ಪಕ್ಕದಲ್ಲೇ ಮಲಗಿತ್ತು. ನಾನು ಕೊಟ್ಟ ಬಾಟಲಿಯ ಮುಚ್ಚಳವನ್ನು, ಚೀಟಿ ಕೆರೆಯದೆ ಹಾಗೆಯೇ ತಿರುಗಿಸಿದರು. ತಾರೀಖು ನೋಡಿ ಕಾಕಾ ಎಂದೆ.

"ನೀ ನೋಡಿ ತಂದಿರ್ತಿ. ಸಾಕು ಬಿಡವಾ."

ನಾನು ನೋಡಿರಲಿಲ್ಲ. ಅಂಗಡಿಗೆ ಮರಳಿ, ಅದೇ ಪೆಟ್ಟಿಗೆಯ ಉಳಿದ ಬಾಟಲಿಗಳನ್ನು ಒಂದೊಂದಾಗಿ ಪರೀಕ್ಷಿಸಿದೆ. ಎಲ್ಲವೂ ಸರಿಯಿದ್ದವು. ಮುಂದಿನ ಸಲ ಹೋದಾಗ ನಿಜ ಹೇಳಿಬಿಡಬೇಕು ಎಂದುಕೊಂಡಿದ್ದೆ. ಅಷ್ಟರಲ್ಲಿ ಕಾಕಾ ತೀರಿಕೊಂಡಿದ್ದರು.