ಮನೆ ಕೊಟ್ಟು ಕತ್ತೆ ಕೊಂಡವರು

ಆ ವರ್ಷ ನಾನು ಸಿಂಗಾಪುರದ ಚಾಂಗಿ ಬಿಸಿನೆಸ್ ಪಾರ್ಕಿನ ಒಂದು ಆಫೀಸಿನಲ್ಲಿ ಶಾಲಾ ಮಕ್ಕಳಿಗೆ ಇತಿಹಾಸದ ಆನ್‌ಲೈನ್ ಪಾಠ ಬರೆಯುತ್ತಿದ್ದೆ. ಮೈಸೂರಿನ ಕಾಲೇಜಿನಲ್ಲಿ ಹನ್ನೊಂದು ವರ್ಷ ಇತಿಹಾಸ ಹೇಳಿಕೊಟ್ಟವಳು. ಇಲ್ಲಿ ಒಂದು ಶತಮಾನವನ್ನು ಹತ್ತು ಸ್ಕ್ರೀನಿಗೆ ಇಳಿಸುವುದು ನನ್ನ ಕೆಲಸ. ಗಂಡನ ನೌಕರಿ ಹೋದ ಮೇಲೆ ಜುರಾಂಗ್ ಈಸ್ಟಿನ ದೊಡ್ಡ ಕಾಂಡೊ ಫ್ಲಾಟ್ ಬಿಟ್ಟು ಯಿಶುನ್‌ನ ಚಿಕ್ಕ ಮನೆಗೆ ಬಂದಿದ್ದೆವು. ಅಲ್ಲಿಂದ ಆಫೀಸಿಗೆ ರೈಲು ಬದಲಿಸಿಕೊಂಡು ಒಂದು ಗಂಟೆಯ ಮೇಲಾಗುತ್ತಿತ್ತು. ನಿಂತೇ ಹೋಗುತ್ತಿದ್ದೆ, ನಿಂತೇ ಬರುತ್ತಿದ್ದೆ.

ಹದಿನೈದನೆಯ ಶತಮಾನದ ಕೊನೆಯ ಯುರೋಪು ನನ್ನ ಪಾಲಿಗೆ ಬಂತು. ಊರೂರಿಗೆ ಹರಡಿದ ಅಚ್ಚಿನ ಯಂತ್ರ, ಇಟಲಿಯ ಚಿತ್ರಕಾರರು, ಇಂಡಿಯಾಕ್ಕೆ ಸಮುದ್ರದ ದಾರಿ ಹುಡುಕಿದ ಪೋರ್ಚುಗೀಸರು, ಎಲ್ಲ ಸಲೀಸಾಗಿ ಬರೆದೆ. ಸ್ಪೇನಿಗೆ ಬಂದಾಗ ಕೈ ನಿಂತಿತು. 1492, ಆ ಒಂದೇ ವರ್ಷದ ಜನವರಿಯಲ್ಲಿ ಅಲ್ಲಿನ ರಾಜ ರಾಣಿ ಮುಸ್ಲಿಮರ ಕೊನೆಯ ರಾಜ್ಯ ಗ್ರನಾಡವನ್ನು ಗೆದ್ದರು. ಮಾರ್ಚ್‌ನಲ್ಲಿ, ಯಹೂದಿಗಳು ಕ್ರೈಸ್ತರಾಗಬೇಕು, ಇಲ್ಲವೇ ದೇಶ ಬಿಡಬೇಕು ಎಂದು ಆಜ್ಞೆ ಹೊರಡಿಸಿದರು. ಆಗಸ್ಟ್‌ನಲ್ಲಿ ಅವರ ನಾವಿಕ ಮೂರು ಹಡಗುಗಳೊಂದಿಗೆ ಪಶ್ಚಿಮಕ್ಕೆ ಹೊರಟ. ಯಹೂದಿಗಳಿಗೆ ಸಿಕ್ಕ ಗಡುವು ನಾಲ್ಕು ತಿಂಗಳು. ಚಿನ್ನ ಬೆಳ್ಳಿ ಒಯ್ಯುವಂತಿರಲಿಲ್ಲ. ಮನೆ ಕೊಟ್ಟು ಕತ್ತೆ ತೆಗೆದುಕೊಂಡವರಿದ್ದರಂತೆ, ದ್ರಾಕ್ಷಿತೋಟ ಕೊಟ್ಟು ಒಂದಿಷ್ಟು ಬಟ್ಟೆ ಪಡೆದವರೂ. ಇದಕ್ಕೇ ಎರಡು ಸ್ಕ್ರೀನ್ ಹಿಡಿಯಿತು.

ನಮ್ಮ ಟೀಮ್ ಲೀಡ್ ಕನ್ನಡದವರ ಮಗಳು, ಸಿಂಗಾಪುರದಲ್ಲೇ ಬೆಳೆದವಳು. ಆಫೀಸಿನಲ್ಲಿ ನನ್ನೊಬ್ಬಳ ಜೊತೆ ಮಾತ್ರ ಅವಳು ಕನ್ನಡ ಮಾತಾಡುತ್ತಿದ್ದಳು, ನಡುನಡುವೆ ಇಲ್ಲಿನವರ ‘ಲಾ’ ಸೇರಿಸಿ.

"ಆಂಟಿ, ಈ ಎರಡು ಸ್ಕ್ರೀನ್ ಕಟ್ ಮಾಡಿ. ಟೂ ಹೆವಿ ಲಾ. ಶಿಪ್ಸ್ ಮೇಲೆ ಫೋಕಸ್ ಮಾಡೋಣ."

"ಇದೂ ಅದೇ ವರ್ಷ ಆಗಿದ್ದಮ್ಮ."

"ಗೊತ್ತು ಆಂಟಿ. ಆದ್ರೆ ಸ್ಪೇಸ್ ಇಲ್ಲ."

ವಾದ ಮಾಡುವಷ್ಟು ತ್ರಾಣ ಇರಲಿಲ್ಲ. ಅಳಿಸಿ ಮನೆಗೆ ಹೋದೆ. ಗಂಡ ಅನ್ನ ಸಾರು ಮಾಡಿಟ್ಟಿದ್ದರು. ಇಬ್ಬರೂ ನೆಲದ ಮೇಲೆ ಕೂತು ಉಂಡೆವು. ಊಟದ ಮೇಜು ಈ ಮನೆಯಲ್ಲಿ ಹಿಡಿಸದೆ, ಕೇಳಿದ ಮೊದಲನೆಯವರಿಗೆ ಕೊಟ್ಟುಬಿಟ್ಟಿದ್ದೆವು. ನಮ್ಮನ್ನು ಯಾರೂ ಓಡಿಸಿರಲಿಲ್ಲ, ಹೋಲಿಸಿಕೊಳ್ಳಲು ನಾಚಿಕೆಯಾಯಿತು. ಆದರೂ ಕತ್ತೆಯ ಹಗ್ಗ ಹಿಡಿದು ತನ್ನ ಬಾಗಿಲಾಚೆ ನಿಂತ ಮನುಷ್ಯ ಕಣ್ಣೆದುರಿಂದ ಸರಿಯಲಿಲ್ಲ.

ಅಳಿಸಿದ್ದನ್ನು ಗಂಡನಿಗೆ ಹೇಳಿದೆ. "ವಾಪಸ್ ಹಾಕು," ಅಂದರು. "ಬೈದ್ರೆ ಬೈಸ್ಕೊ."

ಮರುದಿನ ನಾಲ್ಕು ಸಾಲು ಮತ್ತೆ ಸೇರಿಸಿ, ಹೋಗಿ ಟೀಮ್ ಲೀಡ್‌ಗೆ ನಾನೇ ಹೇಳಿದೆ. ಮುಖ ಗಂಟಿಕ್ಕಿಕೊಂಡೇ ಓದಿದಳು. ಮೊದಲಿನಿಂದ ಇನ್ನೊಮ್ಮೆ ಓದಿದಳು.

"ಆಮೇಲೆ ಇವ್ರೆಲ್ಲ ಎಲ್ಲಿಗೆ ಹೋದ್ರು ಆಂಟಿ?"

"ತುಂಬ ಜನ ಪಕ್ಕದ ಪೋರ್ಚುಗಲ್ಲಿಗೆ. ಐದು ವರ್ಷಕ್ಕೆ ಅಲ್ಲೂ ಧರ್ಮ ಬದಲಾಯಿಸಿ ಅಂತ ಬಲವಂತ ಶುರುವಾಯ್ತು. ಕೆಲವರು ಟರ್ಕಿ ಕಡೆ ಹೋದ್ರು. ಅಲ್ಲಿ ಸುಲ್ತಾನ ಜಾಗ ಕೊಟ್ಟ."

ಅವಳು ಮೌಸ್ ಆಡಿಸುತ್ತಾ ಹೇಳಿದಳು.

"ನಾನು ಚಿಕ್ಕೋಳಿದ್ದಾಗ ಇಲ್ಲೇ ಪರ್ಮನೆಂಟಾಗಿ ಇರೋಕೆ ಹಾಕಿದ ನಮ್ಮ ಪಿಆರ್ ಅಪ್ಲಿಕೇಶನ್ ಮೂರು ಸಲ ರಿಜೆಕ್ಟ್ ಆಗಿತ್ತು. ಪ್ರತಿ ಸಲಾನೂ ಅಮ್ಮ ಸೂಟ್‌ಕೇಸ್ ಕೆಳಗಿಳಿಸಿ ಒರೆಸಿ ಇಡೋರು."

ಆಮೇಲೆ ಅಂದಳು, "ಒಂದು ಸೆಂಟೆನ್ಸ್ ಇಟ್ಕೊಳ್ಳಿ ಆಂಟಿ. ಆ ಕತ್ತೇದು."

ಪಾಠ ಹಾಗೆಯೇ ಶಾಲೆಗಳಿಗೆ ಹೋಯಿತು. ಹಡಗುಗಳಿಗೆ ಮೂರು ಸ್ಕ್ರೀನು, ದೇಶ ಬಿಟ್ಟವರಿಗೆ ಒಂದು ವಾಕ್ಯ. ಗೆದ್ದೆ ಅನ್ನಿಸಲಿಲ್ಲ. ಅಂದು ಮಧ್ಯಾಹ್ನ ಅವಳು ನನ್ನನ್ನು ಹಾಕರ್ ಸೆಂಟರಿನ ತಿಂಡಿ ಅಂಗಡಿಗಳ ಸಾಲಿಗೆ ಕರೆದುಕೊಂಡು ಹೋಗಿ ಕಾಫಿ ಕೊಡಿಸಿದಳು.